ತೋಟದ ಶೀತಕೋಣೆಯ ಹೊರಯಂತ್ರ: ಕೃಷಿ ಕೆಲಸಗಳ ಕಾಲದಲ್ಲಿ ಅದರ ರಕ್ಷಣೆ



ಗುಲಾಬಿ, ತರಕಾರಿ ಹಾಗೂ ಅಣಬೆ ಬೆಳೆಯುವವರ ತೋಟಗಳಲ್ಲಿ ಇಂದು ಸಣ್ಣ ಶೀತಕೋಣೆಗಳು ಕಾಣಸಿಗುತ್ತವೆ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಗುಲಾಬಿ ಬೆಳೆಗಾರರಿಗಂತೂ ಇದು ಹೊಸದಲ್ಲ. ಕೊಯ್ದ ಗುಲಾಬಿಯನ್ನು 2ರಿಂದ 4 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಇಟ್ಟರೆ ಮಾತ್ರ ಅದು ಮಾರುಕಟ್ಟೆಗೆ ಮೊಗ್ಗಾಗಿಯೇ ತಲಪುತ್ತದೆ. ಬಟನ್ ಅಣಬೆ ಮೂಡುವ ಹಂತದಲ್ಲಿ ಅಣಬೆ ಮನೆಯೊಳಗೆ 14ರಿಂದ 18 ಡಿಗ್ರಿ ಇರಬೇಕು. ಈ ತಂಪನ್ನು ಕೊಡುವ ಯಂತ್ರದ ಒಂದು ಭಾಗ ಕೋಣೆಯ ಒಳಗಿದ್ದರೆ, ಇನ್ನೊಂದು ಭಾಗ ಹೊರಗೆ, ಗೋಡೆಯ ಪಕ್ಕದಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುತ್ತದೆ.

ಒಳಗಿನ ಹೂವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ನಾವು ಈ ಹೊರಯಂತ್ರವನ್ನು ಮರೆತುಬಿಡುತ್ತೇವೆ. ಹಬ್ಬದ ಹಿಂದಿನ ವಾರ ಕೋಣೆ ತುಂಬ ಹೂವಿರುವಾಗ ಯಂತ್ರ ನಿಂತರೆ ಆಗುವ ನಷ್ಟ ಎಷ್ಟೆಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಯಂತ್ರಕ್ಕೆ ಬರುವ ಅನೇಕ ತೊಂದರೆಗಳು ತೋಟದ ಕೆಲಸದಿಂದಲೇ ಬರುವಂಥವು. ಸ್ವಲ್ಪ ಎಚ್ಚರ ವಹಿಸಿದರೆ ತಪ್ಪಿಸಬಹುದಾದಂಥವು.

ಯಂತ್ರ ಕೆಲಸ ಮಾಡುವ ಬಗೆ

ಬಾವಿಯ ನೀರನ್ನು ಪಂಪು ಮೇಲಕ್ಕೆತ್ತುವಂತೆ ಈ ಯಂತ್ರ ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಕ್ಕೆ ಚೆಲ್ಲುತ್ತದೆ. ಆದುದರಿಂದಲೇ ಇಂಥ ಯಂತ್ರಗಳಿಗೆ ಶಾಖದ ಪಂಪು ಎಂಬ ಹೆಸರಿದೆ. ಚಳಿ ದೇಶಗಳಲ್ಲಿ ಇದೇ ಯಂತ್ರವನ್ನು ತಿರುಗುಮುರುಗಾಗಿ ನಡೆಸಿ, ಹೊರಗಿನ ಶಾಖವನ್ನು ಒಳಕ್ಕೆ ತಂದು ಮನೆ ಬೆಚ್ಚಗಾಗಿಸುತ್ತಾರೆ.

ಹೊರಯಂತ್ರದ ಹಿಂಬದಿಯಲ್ಲಿ ತಾಮ್ರದ ಕೊಳವೆಗಳೂ ಅವುಗಳಿಗೆ ಪೋಣಿಸಿದ ಅಲ್ಯೂಮಿನಿಯಂ ರೆಕ್ಕೆಗಳೂ ಇವೆ. ಈ ರೆಕ್ಕೆಗಳು ಕಾಗದದಷ್ಟು ತೆಳು. ಬೆರಳಿನಿಂದ ಒತ್ತಿದರೂ ಬಾಗುತ್ತವೆ. ಫ್ಯಾನು ಹಿಂದಿನಿಂದ ಗಾಳಿಯನ್ನು ಇವುಗಳ ಸಂದಿನಲ್ಲಿ ಎಳೆದು ಮುಂದಕ್ಕೆ ತಳ್ಳುತ್ತದೆ. ಸಂದು ಮುಚ್ಚಿದರೆ ಶಾಖ ಹೊರಹೋಗದು. ಅನಿಲದ ಒತ್ತಡ ಏರುತ್ತದೆ. ವಿದ್ಯುತ್ ಹೆಚ್ಚು ಖರ್ಚಾಗುತ್ತದೆ. ಕೊನೆಗೆ ಕಂಪ್ರೆಸರು ಬಿಸಿಯೇರಿ ನಿಲ್ಲುತ್ತದೆ. ಮುಂದೆ ಹೇಳುವ ಕ್ರಮಗಳೆಲ್ಲ ಈ ಗಾಳಿಯ ದಾರಿಯನ್ನೂ ರೆಕ್ಕೆ ಮತ್ತು ಕೊಳವೆಗಳನ್ನೂ ಕಾಪಾಡುವುದಕ್ಕಾಗಿಯೇ.

ಸುತ್ತಲಿನ ನೆಲ

ಯಂತ್ರದ ಹಿಂದೆ ಮತ್ತು ಪಕ್ಕಗಳಲ್ಲಿ ಕನಿಷ್ಠ 1 ಅಡಿ, ಮುಂದೆ 4 ಅಡಿ ಜಾಗ ತೆರವಾಗಿರಲಿ. ತಯಾರಕರು ಇನ್ನೂ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಿರಿ. ನೆಲದಿಂದ 1 ಅಡಿ ಎತ್ತರದ ಕಟ್ಟೆಯ ಮೇಲೆ ಕೂರಿಸಿದರೆ ಮಳೆಗಾಲದಲ್ಲಿ ಕೆಸರು ಸಿಡಿಯುವುದಿಲ್ಲ. ನೆರಳಿಗೆಂದು ಮಲ್ಲಿಗೆ ಬಳ್ಳಿಯನ್ನಾಗಲಿ, ಕುಂಬಳದ ಬಳ್ಳಿಯನ್ನಾಗಲಿ ಅದರ ಮೇಲೆ ಹಬ್ಬಿಸಬಾರದು. ನೆರಳು ಬೇಕಾದರೆ 3-4 ಅಡಿ ಮೇಲೆ, ನಾಲ್ಕೂ ಕಡೆ ತೆರೆದಿರುವ ಚಪ್ಪರ ಹಾಕಬಹುದು. ನುಗ್ಗೆ ಮರ ಹತ್ತಿರದಲ್ಲಿ ಬೇಡ. ಅದರ ಸಣ್ಣ ಎಲೆಗಳು ರೆಕ್ಕೆಗಳ ಮೇಲೆ ಅಂಟಿಕೊಂಡು ಗಾಳಿ ಕಟ್ಟುತ್ತವೆ. ಯಂತ್ರದ ಮುಂದೆ ಸಸಿಗಳ ತಟ್ಟೆಯನ್ನೂ ಇಡಬೇಡಿರಿ. ಅಲ್ಲಿಂದ ಬರುವ ಬಿಸಿ ಗಾಳಿಗೆ ಸಸಿ ಬಾಡುತ್ತದೆ.

ಕಳೆ ತೆಗೆಯುವಾಗ

ಹುಲ್ಲು ಬರದಿರಲೆಂದು ಅನೇಕರು ಯಂತ್ರದ ಸುತ್ತ ಜಲ್ಲಿ ಹರಡುತ್ತಾರೆ. ಕೈಯಿಂದ ಕಳೆ ಕೀಳುವವರಿಗೆ ಇದು ಒಳ್ಳೆಯದೇ. ಆದರೆ ಕಳೆ ಕತ್ತರಿಸುವ ಯಂತ್ರ ಬಳಸುವವರಿಗೆ ಇದೇ ಅಪಾಯ. ತಿರುಗುವ ತಂತಿಗೋ ಅಲಗಿಗೋ ಸಿಕ್ಕ ಜಲ್ಲಿ ಕವಣೆ ಕಲ್ಲಿನಂತೆ ಹಾರಿ ರೆಕ್ಕೆಗೆ ಬಡಿಯುತ್ತದೆ. ಏಟು ಬಲವಾದರೆ ಕೊಳವೆಯೂ ಜಖಂ ಆದೀತು. ಆದುದರಿಂದ ಜಲ್ಲಿಯ ಬದಲು ಚಪ್ಪಡಿ ಕಲ್ಲು ಹಾಸುವುದು ಉತ್ತಮ. ಯಂತ್ರದಿಂದ 3 ಅಡಿಯವರೆಗೆ ಕುಡುಗೋಲಿನಿಂದಲೇ ಹುಲ್ಲು ಕೊಯ್ಯಿರಿ. ಅದರಾಚೆ ಕತ್ತರಿಸುವ ಯಂತ್ರ ನಡೆಸುವಾಗ ಹಿಂಬದಿಗೆ ಒಂದು ಹಲಗೆಯನ್ನು ಅಡ್ಡ ನಿಲ್ಲಿಸಿರಿ. ಆ ಹೊತ್ತು ಶೀತಯಂತ್ರ ನಿಂತಿರಲಿ. ಇಲ್ಲವಾದರೆ ಫ್ಯಾನು ಹಾರುವ ಹುಲ್ಲಿನ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಕೆಲಸ ಮುಗಿದೊಡನೆ ಹಲಗೆ ತೆಗೆಯಲು ಮರೆಯಬಾರದು.

ಔಷಧ ಸಿಂಪಡಿಸುವಾಗ

ಬೋರ್ಡೋ ದ್ರಾವಣ ತಯಾರಿಸುವವರಿಗೆ ಚಾಕುವಿನ ಪರೀಕ್ಷೆ ಗೊತ್ತೇ ಇದೆ. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಹಾಕುತ್ತೇವೆ. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ಲೇಪವೇ ತಾಮ್ರ. ಕಬ್ಬಿಣವನ್ನು ತಿಂದು ತಾನು ಅಲ್ಲಿ ಕುಳಿತುಕೊಳ್ಳುವ ಈ ತಾಮ್ರ ಅಲ್ಯೂಮಿನಿಯಂ ಅನ್ನೂ ಹಾಗೆಯೇ ತಿನ್ನುತ್ತದೆ. ಸುಣ್ಣ ಸರಿಯಾಗಿದ್ದರೂ ಒಣಗಿದ ದ್ರಾವಣ ಮಳೆಗೆ ನೆನೆದಾಗ ಸ್ವಲ್ಪ ಸ್ವಲ್ಪವಾಗಿ ತಾಮ್ರ ಬಿಡುತ್ತದೆ. ಎಲೆಯ ಮೇಲೆ ಶಿಲೀಂಧ್ರವನ್ನು ತಡೆಯುವ ಗುಣ ಇದೇ. ರೆಕ್ಕೆಗಳ ಮೇಲೆ ಬಿದ್ದರೆ ಅದೇ ಗುಣ ಕೇಡಾಗುತ್ತದೆ. ಬೂದಿರೋಗಕ್ಕೆ ಬಳಸುವ ಗಂಧಕವೂ ಲೋಹಕ್ಕೆ ಒಳ್ಳೆಯದಲ್ಲ.

ಸಿಂಪರಣೆಯ ದಿನ ಈ ಕ್ರಮ ಅನುಸರಿಸಿರಿ:

1. ಕೋಣೆ ಚೆನ್ನಾಗಿ ತಣ್ಣಗಾದ ಮೇಲೆ, ಗಾಳಿ ಕಡಿಮೆಯಿರುವ ಬೆಳಗಿನ ಹೊತ್ತು ಕೆಲಸಕ್ಕೆ ತೊಡಗಿರಿ.

2. ಯಂತ್ರವನ್ನು ಮೊದಲು ಅದರ ನಿಯಂತ್ರಕದಲ್ಲಿ ನಿಲ್ಲಿಸಿ, ಬಳಿಕ ಮೈನ್ ಸ್ವಿಚ್ ಆರಿಸಿರಿ.

3. ಹೊರಯಂತ್ರಕ್ಕೆ ಟಾರ್ಪಾಲು ಹೊದಿಸಿರಿ. ಕೋಣೆಯ ಬಾಗಿಲು ತೆರೆಯಬೇಡಿರಿ. ಗೋಡೆ ಬಾಗಿಲು ಭದ್ರವಾಗಿದ್ದರೆ ಒಂದು ಗಂಟೆಯಲ್ಲಿ ಒಳಗಿನ ಉಷ್ಣತೆ ಹೆಚ್ಚೇನೂ ಏರದು.

4. ಸಿಂಪರಣೆಯ ಮಂಜು ಅಡಗಿದ ನಂತರ ಟಾರ್ಪಾಲು ತೆಗೆದು ಯಂತ್ರ ಚಾಲು ಮಾಡಿರಿ. ಹೊದಿಕೆಯಿರುವಾಗ ಯಂತ್ರವನ್ನು ಎಂದೂ ನಡೆಸಬಾರದು. ಆರಿಸಿದ ಯಂತ್ರವನ್ನು ತಿರುಗಿ ಹಾಕುವ ಮುನ್ನ 5 ನಿಮಿಷವಾದರೂ ಬಿಡುವು ಕೊಡಿರಿ.

ಗೊಬ್ಬರದ ಗುಂಡಿ, ಕೋಳಿ ಗೊಬ್ಬರದ ರಾಶಿ ಯಂತ್ರದಿಂದ ದೂರವಿರಲಿ. ಅವುಗಳಿಂದ ಏಳುವ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ಕೆಡಿಸುತ್ತದೆ.

ನೆಲ ಅಗೆಯುವಾಗ

ವಿದ್ಯುತ್ ಕೇಬಲ್ ನೆಲದಡಿ ಹೋಗಿದ್ದರೆ ಅದು ಕೊಳವೆಯೊಳಗೆ, 2 ಅಡಿ ಆಳದಲ್ಲಿರಬೇಕು. ಮೇಲೆ ಸಾಲಾಗಿ ಇಟ್ಟಿಗೆ ಹಾಸಿದ್ದರೆ ಗುದ್ದಲಿ ಮೊದಲು ಇಟ್ಟಿಗೆಗೆ ತಾಗಿ ಎಚ್ಚರಿಸುತ್ತದೆ. ಕೇಬಲ್ ಹೋದ ದಾರಿಗೆ ಗುರುತು ಕಲ್ಲು ನೆಡಿರಿ. ಕೆಲಸಕ್ಕೆ ಬಂದ ಹೊಸ ಆಳಿಗೆ ಅದನ್ನು ತೋರಿಸಿರಿ. ಭೂಸಂಪರ್ಕ ಸರಿಯಾಗಿರಬೇಕು, ವಿದ್ಯುತ್ ಸೋರಿಕೆಯಾದೊಡನೆ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ರಕ್ಷಕ ಸ್ವಿಚ್ಚನ್ನು ಹಾಕಿಸಿರಿ. ಇದು ಯಂತ್ರದ ಮಾತಲ್ಲ, ಪ್ರಾಣದ ಮಾತು.

ಗುದ್ದಲಿ, ಏಣಿ ತಾಗಿ ಅನಿಲದ ಕೊಳವೆ ಒಡೆದರೆ ಹತ್ತಿರ ನಿಲ್ಲಬೇಡಿರಿ. ಸೋರುವ ಅನಿಲ ಚರ್ಮವನ್ನು ಹಿಮದಂತೆ ಸುಡುತ್ತದೆ. ಇಂದಿನ ಯಂತ್ರಗಳಲ್ಲಿರುವ ಆರ್-32 ಅನಿಲ ಸ್ವಲ್ಪ ಮಟ್ಟಿಗೆ ಉರಿಯುವಂಥದು. ಆರ್-290 ಎಂಬುದಂತೂ ಪ್ರೊಪೇನ್, ಅಡುಗೆ ಅನಿಲದಷ್ಟೇ ಉರಿಯುವಂಥದು. ಬೀಡಿ, ಬೆಂಕಿ ದೂರವಿಟ್ಟು, ದೂರದ ಮೈನ್ ಸ್ವಿಚ್ ಆರಿಸಿ, ಮೆಕಾನಿಕ್‌ಗೆ ಹೇಳಿ ಕಳುಹಿಸಿರಿ. ಇದೇ ಕಾರಣಕ್ಕೆ ಯಂತ್ರದ ಬಳಿ ತರಗು ಸುಡಬಾರದು.

ತೊಳೆಯುವ ವಿಧಾನ

ತಿಂಗಳಿಗೊಮ್ಮೆ ವಿದ್ಯುತ್ ಆರಿಸಿ ರೆಕ್ಕೆಗಳನ್ನು ನೋಡಿರಿ. ಮೆದು ಬ್ರಷ್‌ನಿಂದ, ರೆಕ್ಕೆಗಳು ನಿಂತಿರುವ ದಿಕ್ಕಿನಲ್ಲೇ ಮೇಲಿನಿಂದ ಕೆಳಕ್ಕೆ ಧೂಳು ತೆಗೆದು, ಸಾಧಾರಣ ಪೈಪಿನ ನೀರು ಬಿಡಿರಿ. ಔಷಧ ಹೊಡೆಯುವ ಪವರ್ ಸ್ಪ್ರೇಯರನ್ನು ಇದಕ್ಕೆ ಬಳಸಬಾರದು. ಅದರ ರಭಸಕ್ಕೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಬಟ್ಟೆ ಸೋಡಾ ಬೇಡವೇ ಬೇಡ. ಅಲ್ಯೂಮಿನಿಯಂ ಪಾತ್ರೆಯನ್ನು ಅದರಲ್ಲಿ ತೊಳೆದರೆ ಏನಾಗುತ್ತದೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. ಕೊಳವೆ ಬಾವಿಯ ನೀರು ಗಡುಸಾಗಿದ್ದರೆ ಕೊನೆಯಲ್ಲಿ ಒಂದು ಕೊಡ ಮಳೆನೀರು ಹಾಕಿದರೆ ಬಿಳಿ ಕಲೆ ಕಟ್ಟುವುದಿಲ್ಲ. ನೀರು ಬಸಿದು ಒಣಗಿದ ಬಳಿಕವೇ ವಿದ್ಯುತ್ ಕೊಡಿರಿ.

ಇನ್ನೊಂದು ಸುಲಭ ಉಪಾಯವಿದೆ. ಯಂತ್ರ ಹೊಸದಾಗಿದ್ದಾಗ ನಡು ಮಧ್ಯಾಹ್ನ ಅದು ಎಷ್ಟು ಆಂಪಿಯರ್ ಎಳೆಯುತ್ತದೆಂದು ಮೆಕಾನಿಕ್ ಕೈಯಲ್ಲಿ ಅಳೆಸಿ, ಬಾಗಿಲ ಹಿಂದೆ ಬರೆದಿಡಿರಿ. ಮುಂದೆ ಅಂಥದೇ ಬಿಸಿಲಿನಲ್ಲಿ ಅಂಕಿ ಏರಿದ್ದರೆ, ವೋಲ್ಟೇಜು ಸರಿಯಿದೆಯೇ ಎಂದು ನೋಡಿ, ಬಳಿಕ ರೆಕ್ಕೆಗಳನ್ನು ಪರೀಕ್ಷಿಸಿರಿ. ಕೊಳವೆಯ ಜೋಡಣೆಯಲ್ಲಿ ಎಣ್ಣೆಯ ಕಲೆ ಕಂಡರೆ ಅನಿಲ ಸೋರುತ್ತಿದೆಯೆಂದು ಊಹಿಸಬಹುದು.

ಎತ್ತಿನ ಮೈ ತೊಳೆದು, ಗೊರಸು ನೋಡಿ, ಬಳಿಕ ನೊಗ ಹೂಡುವುದು ನಮ್ಮ ರೈತರ ಪದ್ಧತಿ. ಹಗಲಿರುಳು ದುಡಿಯುವ ಈ ಯಂತ್ರಕ್ಕೂ ಅಷ್ಟು ಆರೈಕೆ ಸಲ್ಲಬೇಕು. ಕೆಟ್ಟ ಮೇಲೆ ರಿಪೇರಿಗೆ ಓಡುವುದಕ್ಕಿಂತ ತಿಂಗಳಿಗೆ ಅರ್ಧ ದಿನ ಇದಕ್ಕಾಗಿ ಮೀಸಲಿಟ್ಟರೆ, ಕೊಯ್ದ ಬೆಳೆ ಕೋಣೆಯಲ್ಲಿ ತಾಜಾ ಆಗಿ ಉಳಿಯುತ್ತದೆ. ಅದರ ಬೆಲೆಯೂ ನಿಮ್ಮ ಕೈ ಸೇರುತ್ತದೆ.