ಉಪ್ಪು ತಿಂದವನು ನೀರು ಕುಡಿದ ಮೇಲೆ

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ನಾವು ಸಾಮಾನ್ಯವಾಗಿ ತಪ್ಪು ಮಾಡಿದವರನ್ನು ಕುರಿತು ಆಡುತ್ತೇವೆ. ಆದರೆ ಇದು ದೇಹಶಾಸ್ತ್ರದ ಮಾತೂ ಹೌದು. ಕುಡಿದ ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ, ಹೋಗದೆ ನಿಂತರೆ ಏನಾಗುತ್ತದೆ ಎಂಬುದನ್ನು ಈ ಸಲ ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ. ಮುಂಬಯಿಯಂಥ ಊರಿನಲ್ಲಿ ಖಾನಾವಳಿಯ ಊಟವನ್ನೂ ಮನೆಯಿಂದ ಬಂದ ಉಪ್ಪಿನಕಾಯಿಯನ್ನೂ ನಂಬಿ ದಿನ ತಳ್ಳುವ ನಮ್ಮಂಥವರಿಗೆ ಇದು ದೂರದ ವಿಷಯವಲ್ಲ.

ನಾವು ತಿನ್ನುವ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಕೂಡಿ ಆದದ್ದು. ನಮ್ಮ ವಿಚಾರಕ್ಕೆ ಮುಖ್ಯವಾದದ್ದು ಸೋಡಿಯಂ. ರಕ್ತದಲ್ಲಿ ಅದು ಇಂತಿಷ್ಟೇ ಇರಬೇಕೆಂಬ ವಿಷಯದಲ್ಲಿ ದೇಹ ಬಹಳ ಕಟ್ಟುನಿಟ್ಟು. ತುಸು ಹೆಚ್ಚಿದೊಡನೆ ಬಾಯಾರಿಕೆ ಹುಟ್ಟುತ್ತದೆ. ಮೂತ್ರಪಿಂಡಗಳು ನೀರನ್ನು ಹೊರಬಿಡದೆ ಹಿಡಿದಿಡುತ್ತವೆ. ಹೀಗೆ ನೀರು ಬೆರೆತು ಉಪ್ಪಿನ ತೀಕ್ಷ್ಣತೆ ಇಳಿಯುವುದೇನೋ ನಿಜ, ಆದರೆ ನಾಳಗಳಲ್ಲಿ ಹರಿಯುವ ದ್ರವ ಹೆಚ್ಚುತ್ತದೆ. ಕೊಳವೆ ಅದೇ, ನೀರು ಹೆಚ್ಚು. ಒತ್ತಡ ಏರದೆ ಮತ್ತೇನಾದೀತು? ಆರೋಗ್ಯವಂತನ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಹೆಚ್ಚಿನದನ್ನು ಹೊರಹಾಕುತ್ತವೆ. ಆದರೆ ದಿನವೂ ಇದೇ ನಡೆದರೆ, ವರ್ಷಗಳು ಉರುಳಿದಂತೆ ನಾಳಗಳ ಗೋಡೆ ಗಡುಸಾಗಿ, ಏರಿದ ಒತ್ತಡ ಏರಿದಂತೆಯೇ ನಿಲ್ಲುತ್ತದೆ. ಉಪ್ಪೊಂದೇ ಅಪರಾಧಿಯೆಂದು ನಾವು ಹೇಳುವುದಿಲ್ಲ. ವಂಶ, ವಯಸ್ಸು, ಬೊಜ್ಜು, ಮದ್ಯ, ಕುಳಿತಲ್ಲೇ ಕುಳಿತು ಮಾಡುವ ಕೆಲಸ ಎಲ್ಲವೂ ಪಾಲುದಾರರೇ. ಇವುಗಳಲ್ಲಿ ವಂಶ ವಯಸ್ಸುಗಳು ನಮ್ಮ ಕೈಯಲ್ಲಿಲ್ಲ, ಉಪ್ಪು ಇದೆ.

1988ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ 32 ದೇಶಗಳ 52 ಕಡೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಒತ್ತಡವನ್ನೂ ಮೂತ್ರದಲ್ಲಿ ಹೋಗುವ ಸೋಡಿಯಮ್ಮನ್ನೂ ಅಳೆದರು. ಬ್ರೆಜಿಲಿನ ಕಾಡಿನಲ್ಲಿರುವ ಯಾನೊಮಾಮಿ ಜನ ಉಪ್ಪು ಬೆರೆಸಿ ಉಣ್ಣುವವರೇ ಅಲ್ಲ. ಅವರಲ್ಲಿ ವಯಸ್ಸಾದರೂ ಒತ್ತಡ ಏರುವುದು ಕಾಣಲಿಲ್ಲ. ವಯಸ್ಸಾದ ಮೇಲೆ ಒತ್ತಡ ಏರುವುದು ಸಹಜ ಎನ್ನುವವರು ಇದನ್ನು ಗಮನಿಸಬೇಕು. ನಾವೆಲ್ಲ ಕಾಡಿಗೆ ಹೋಗಿ ಉಪ್ಪಿಲ್ಲದ ಊಟ ಮಾಡಬೇಕೆಂದು ಇದರ ಅರ್ಥವಲ್ಲ, ಅನ್ನಿ.

ಹಾಗಾದರೆ ಎಷ್ಟು ಉಪ್ಪು ಸಲ್ಲುತ್ತದೆ? ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎಂದರೆ ಒಂದು ಟೀ ಚಮಚ, ಗುಡ್ಡೆ ಹಾಕದೆ. ಇದರಲ್ಲಿ ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆಯವರೆಗೆ ಎಲ್ಲವೂ ಸೇರಬೇಕು. ನಾಲಗೆಗೆ ತಿಳಿಯುವ ಉಪ್ಪಿನ ಲೆಕ್ಕ ಸುಲಭ. ತಿಳಿಯದ್ದೇ ಹೆಚ್ಚು ತೊಂದರೆ ಕೊಡುವುದು. ವಡಾಪಾವನ್ನೇ ನೋಡಿರಿ: ಆಲೂಗಡ್ಡೆಯಲ್ಲಿ ಉಪ್ಪು, ಮೇಲಿನ ಹಿಟ್ಟಿನಲ್ಲಿ ಉಪ್ಪು, ಪಾವಿನಲ್ಲಿ ಉಪ್ಪು, ಒಣಚಟ್ನಿಯಲ್ಲಿ ಉಪ್ಪು, ಜೊತೆಗೆ ಕೊಡುವ ಕರಿದ ಮೆಣಸಿನಕಾಯಿಗೂ ಉಪ್ಪು. ಬೋಂಡಾ ಉಬ್ಬಲು ಹಾಕುವ ಅಡಿಗೆ ಸೋಡಾ, ಹಪ್ಪಳದ ಖಾರ, ಇವೂ ಸೋಡಿಯಮ್ಮೇ. ಸಿಹಿ ಬಿಸ್ಕತ್ತಿನಲ್ಲಿಯೂ ಅದು ಇರುತ್ತದೆ. ಪೊಟ್ಟಣದ ಮೇಲೆ ಸೋಡಿಯಮ್ಮಿನ ಅಂಕಿ ಕೊಟ್ಟಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಗುಮಾಸ್ತರಿಗೆ ಇದೇನು ಕಷ್ಟದ ಗಣಿತವಲ್ಲ.

ಇನ್ನು ಉಪ್ಪಿನಕಾಯಿ. ಇದರ ಮಾತೆತ್ತಿದರೆ ಕೆಲವರಿಗೆ ಬೇಸರವಾದೀತು. ತಾಯಿಯೋ ಅತ್ತಿಗೆಯೋ ಕಟ್ಟಿಕೊಟ್ಟ ಮಿಡಿಯ ಜಾಡಿ ಬರಿಯ ಪದಾರ್ಥವಲ್ಲವೆಂಬುದನ್ನು ನಾವೂ ಬಲ್ಲೆವು. ಆದರೆ ಅದು ಹುಟ್ಟಿದ ಕಾರಣವನ್ನು ನೆನೆಯಬೇಕು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆ ಹಿಡಿದರೆ ತಿಂಗಳುಗಟ್ಟಲೆ ತರಕಾರಿಗೆ ತತ್ವಾರ. ಬೇಸಗೆಯ ಮಾವನ್ನು ಉಪ್ಪಿನಲ್ಲಿ ಹಾಕಿದರೆ ಉಪ್ಪು ಕಾಯಿಯೊಳಗಿನ ನೀರನ್ನು ಸೆಳೆದುಬಿಡುತ್ತದೆ. ನೀರಿಲ್ಲದಲ್ಲಿ ಕೊಳೆಸುವ ಜೀವಾಣುಗಳು ಬಾಳಲಾರವು. ಒಣಮೀನಿನ ಗುಟ್ಟೂ ಇದೇ. ಆ ಕಾಲಕ್ಕೆ ಅದು ಜಾಣತನ. ಇಲ್ಲಿಯಾದರೋ ವರ್ಷದ ಎಲ್ಲ ದಿನವೂ ಸ್ಟೇಷನ್ನಿನ ಹೊರಗೆ ಹಸಿಸೊಪ್ಪು ಮಾರುತ್ತಾರೆ. ಅನ್ನದೊಡನೆ ಪಲ್ಯದ ಬದಲು ಉಪ್ಪಿನಕಾಯಿಯನ್ನೇ ಕಲಸಿ ಉಣ್ಣುವ ರೂಢಿ ಕೋಣೆಯಲ್ಲಿ ಒಂಟಿಯಾಗಿರುವವರಲ್ಲಿ ಬೆಳೆದಿದೆ; ನಾವು ಆಕ್ಷೇಪಿಸುವುದು ಅದನ್ನು. ಜಾಡಿ ಇರಲಿ, ಚೂರು ಎಲೆಯ ತುದಿಯಲ್ಲಿರಲಿ. ಒಣಮೀನನ್ನು ಎರಡು ಮೂರು ಸಲ ನೀರು ಬದಲಿಸಿ ನೆನೆಹಾಕಿದರೆ ಉಪ್ಪು ಸಾಕಷ್ಟು ಇಳಿಯುತ್ತದೆ.

ಖಾನಾವಳಿಯ ಸಾರಿಗೆ ಉಪ್ಪು ಹಾಕುವವರು ನಾವಲ್ಲ. ಆದರೂ ಮೇಜಿನ ಮೇಲಿನ ಉಪ್ಪನ್ನು ಮುಟ್ಟದಿರಬಹುದು, ಮಜ್ಜಿಗೆಯನ್ನು ಸಪ್ಪೆಯಾಗಿ ಕುಡಿಯಬಹುದು, ಹಪ್ಪಳ ಬೇಡವೆನ್ನಬಹುದು. ನಾಲ್ಕು ಜನ ಕೂಡಿ ಅಡಿಗೆ ಮಾಡಿಕೊಳ್ಳುವ ಕೋಣೆಗಳಲ್ಲಿ ಉಪ್ಪನ್ನು ಒಮ್ಮೆಗೇ ಇಳಿಸಿದರೆ ಜಗಳವಾದೀತು. ವಾರಕ್ಕಿಷ್ಟು ಎಂದು ಇಳಿಸಿ, ನಿಂಬೆಹುಳಿಯನ್ನೋ ಪುನರ್ಪುಳಿಯನ್ನೋ ಹೆಚ್ಚಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಸಾರೇ ಉಪ್ಪುಪ್ಪಾಗಿ ಕಾಣುತ್ತದೆ.

ಸೈಂಧವ ಲವಣ ತಿಂದರೆ ದೋಷವಿಲ್ಲವೆಂಬ ನಂಬಿಕೆ ಇದೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಮೇಲಾಗಿ ಗಳಗಂಡವನ್ನು ತಡೆಯುವ ಅಯೋಡಿನ್ನನ್ನು ಅದಕ್ಕೆ ಸಾಮಾನ್ಯವಾಗಿ ಸೇರಿಸಿರುವುದಿಲ್ಲ. ಸೋಡಿಯಮ್ಮಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಹಾಕಿದ ಉಪ್ಪಿನ ಮಾತು ಬೇರೆ. ಚೀನದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಂಥ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಪೊಟ್ಯಾಸಿಯಂ ಅಪಾಯಕಾರಿ. ವೈದ್ಯರನ್ನು ಕೇಳದೆ ಯಾರೂ ಅದನ್ನು ಕೊಳ್ಳತಕ್ಕದ್ದಲ್ಲ.

ರಕ್ತದೊತ್ತಡ ಏರಿದವನಿಗೆ ಸಾಮಾನ್ಯವಾಗಿ ಏನೂ ಅನಿಸುವುದಿಲ್ಲ. ತಲೆನೋವಿಲ್ಲ, ಆದ್ದರಿಂದ ಒತ್ತಡವಿಲ್ಲ ಎನ್ನುವ ತರ್ಕ ನಿಲ್ಲದು. ಮುಖ ಒಂದು ಕಡೆ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದ ದಿನವೇ ಎಷ್ಟೋ ಜನರಿಗೆ ಮೊದಲ ಸುದ್ದಿ. ಊರಿನಲ್ಲಿ ನಾಲ್ಕು ಬಾಯಿಗಳು ಅವನೊಬ್ಬನ ಮನಿಯಾರ್ಡರನ್ನೋ ಬ್ಯಾಂಕಿಗೆ ಹಾಕುವ ಹಣವನ್ನೋ ಕಾಯುತ್ತಿರುತ್ತವೆ. ಅಂಥ ಲಕ್ಷಣ ಕಂಡರೆ ಎಣ್ಣೆ ತಿಕ್ಕುತ್ತ ಕೂರದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಆದುದರಿಂದ ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ಒತ್ತಡ ಅಳೆಯಿಸಿಕೊಳ್ಳುವುದು ಲೇಸು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿಯೂ ಮುನಿಸಿಪಾಲಿಟಿಯ ದವಾಖಾನೆಗಳಲ್ಲಿಯೂ ನೋಡುತ್ತಾರೆ. ಮೆಟ್ಟಿಲು ಹತ್ತಿ ಬಂದೊಡನೆ ಕೈಯೊಡ್ಡಬಾರದು. ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಕೂತಿರಬೇಕು, ಹಿಂದಿನ ಅರ್ಧ ಗಂಟೆ ಚಹಾ ಬೀಡಿಗಳನ್ನು ಬಿಟ್ಟಿರಬೇಕು. 120ರ ಮೇಲೆ 80ರ ಸುತ್ತುಮುತ್ತಲಿದ್ದರೆ ಚಿಂತೆಯಿಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140 ಅಥವಾ 90ನ್ನು ಮುಟ್ಟಿ ಮೀರುತ್ತಿದ್ದರೆ ವೈದ್ಯರ ಮಾತು ಕೇಳಬೇಕು.

ಗುಳಿಗೆ ಬರೆದುಕೊಟ್ಟರೆ, ಒತ್ತಡ ಇಳಿಯಿತೆಂದು ತಾನಾಗಿ ನಿಲ್ಲಿಸಬಾರದು. ಇಳಿದದ್ದು ಗುಳಿಗೆಯಿಂದ, ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ರಜೆಯ ಮೇಲೆ ಊರಿಗೆ ಹೋಗುವಾಗಲೇ ಇದು ಹೆಚ್ಚಾಗಿ ತಪ್ಪುತ್ತದೆ. ಹೋಗಿಬರುವ ದಿನಗಳನ್ನು ಎಣಿಸಿ, ಮೇಲೆ ಒಂದು ವಾರಕ್ಕಾಗುವಷ್ಟು ಗುಳಿಗೆ ಕಟ್ಟಿಕೊಳ್ಳಿರಿ. ಊರಿನ ಅಂಗಡಿಯಲ್ಲಿ ಅದೇ ಕಂಪನಿಯದು ಸಿಗದಿದ್ದರೆ ತೋರಿಸುವುದಕ್ಕೆ ವೈದ್ಯರ ಚೀಟಿಯೂ ಜೊತೆಗಿರಲಿ.