ಜಾಲತಾಣದ ಹಿನ್ನೆಲೆಯ ಹೊಳಪು: ವರ್ತಕರು ನೋಡಿಕೊಳ್ಳಬೇಕಾದ ಒಂದು ಲೆಕ್ಕ

ನಾನು ಲೆಕ್ಕಪರಿಶೋಧನೆ ಮಾಡುವ ಸಂಸ್ಥೆಗಳಲ್ಲಿ ಸ್ಟೀಲ್ ಪಾತ್ರೆ ತಯಾರಿಸುವ ಘಟಕವೂ ಒಂದು. ಅದರ ಮಾಲೀಕರು ಒಮ್ಮೆ ತಮ್ಮ ಹೊಸ ಜಾಲತಾಣವನ್ನು ಅಭಿಮಾನದಿಂದ ತೋರಿಸಿದರು. ಮುಖಪುಟದ ತುಂಬ ಫಳಫಳ ಹೊಳೆಯುವ ಪಾತ್ರೆಗಳ ಛಾಯಾಚಿತ್ರ. ಅದರ ಮೇಲೆ ಬಿಳಿಯ ಅಕ್ಷರಗಳಲ್ಲಿ ದರ, ಕನಿಷ್ಠ ಖರೀದಿಯ ಪ್ರಮಾಣ ಮತ್ತು ದೂರವಾಣಿ ಸಂಖ್ಯೆ. ಕನ್ನಡಕ ಒರೆಸಿಕೊಂಡು ನೋಡಿದರೂ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ನನಗೆ ಕಾಣಲಿಲ್ಲ. “ಹಣ ಕೊಟ್ಟದ್ದಾಯಿತು ಸರ್, ವಿಚಾರಣೆಗಳೇ ಬರುತ್ತಿಲ್ಲ” ಎಂದು ಅವರೇ ಹೇಳಿದರು.

ಇದಕ್ಕೆ ಪರಿಹಾರ ಅತ್ಯಂತ ಸರಳವಾದುದು. ಇಂದು ಅನೇಕ ಜಾಲತಾಣಗಳನ್ನು ಟೈಲ್‌ವಿಂಡ್ ಸಿಎಸ್‌ಎಸ್ ಎಂಬ ಸಾಧನದಿಂದ ರಚಿಸಲಾಗುತ್ತಿದೆ. 2017ರಲ್ಲಿ ಬಂದ ಇದರಲ್ಲಿ ವಿನ್ಯಾಸದ ಪ್ರತಿಯೊಂದು ಸಣ್ಣ ಕೆಲಸಕ್ಕೂ ಸಿದ್ಧ ಹೆಸರೊಂದಿದ್ದು, ಇವನ್ನು ಯುಟಿಲಿಟಿ ಕ್ಲಾಸ್ ಎನ್ನುತ್ತಾರೆ. 2021ರ 2.1 ಆವೃತ್ತಿಯಲ್ಲಿ ಬ್ಯಾಕ್‌ಡ್ರಾಪ್-ಬ್ರೈಟ್‌ನೆಸ್ ಎಂಬ ಗುಂಪು ಸೇರಿತು. ಅಕ್ಷರಗಳಿರುವ ಚೌಕಕ್ಕೆ ಬ್ಯಾಕ್‌ಡ್ರಾಪ್-ಬ್ರೈಟ್‌ನೆಸ್-50 ಎಂದು ಹಾಕಿದರೆ, ಚೌಕದ ಹಿಂದಿರುವ ಚಿತ್ರದ ಹೊಳಪು ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ಅಕ್ಷರಗಳು ಮಂಕಾಗುವುದಿಲ್ಲ. 100 ಎಂದರೆ ಯಥಾಸ್ಥಿತಿ, 100ಕ್ಕಿಂತ ಹೆಚ್ಚಾದರೆ ಹಿನ್ನೆಲೆ ಇನ್ನಷ್ಟು ಬೆಳಗುತ್ತದೆ.

ಅರ್ಧ ಇಳಿಸಿದರೆ ಸಾಕೇ ಎಂಬುದೇ ಮುಖ್ಯ ಪ್ರಶ್ನೆ. ಅಂತರರಾಷ್ಟ್ರೀಯ ವೆಬ್ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರತಕ್ಕದ್ದು. ದೊಡ್ಡ ಅಕ್ಷರಕ್ಕಾದರೆ 3ಕ್ಕೆ 1 ಸಾಕು. ಅದೇ ಮಾನದಂಡದ ಸೂತ್ರವನ್ನು ಹಿಡಿದು, ಅಚ್ಚ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಎಂಬ ಅತಿ ಕಠಿಣ ಸಂದರ್ಭಕ್ಕೆ ನಾನೇ ಲೆಕ್ಕ ಹಾಕಿ ನೋಡಿದೆ. ಹೊಳಪನ್ನು 75ಕ್ಕೆ ಇಳಿಸಿದರೆ ಅನುಪಾತ ಕೇವಲ 1.83. 50ಕ್ಕೆ ಇಳಿಸಿದರೆ 3.98, ಅಂದರೆ ದೊಡ್ಡ ಶೀರ್ಷಿಕೆ ಪಾರಾಗುತ್ತದೆ, ಸಣ್ಣಕ್ಷರದ ದರಪಟ್ಟಿ ಪಾರಾಗುವುದಿಲ್ಲ. 45ಕ್ಕೆ ಇಳಿಸಿದಾಗ 4.76 ದೊರೆಯುತ್ತದೆ. ಆದರೆ ಸಿದ್ಧ ಹೆಸರುಗಳ ಪಟ್ಟಿಯಲ್ಲಿ 50ರ ಕೆಳಗೆ ನೇರವಾಗಿ ಸೊನ್ನೆಯೇ ಇತ್ತು! 2025ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ 45 ಎಂದು ನೇರವಾಗಿಯೇ ಬರೆಯಬಹುದು, ಮೂರನೆಯದರಲ್ಲಿ.45 ಎಂದು ಚೌಕಾವರಣದೊಳಗೆ ಬರೆಯಬೇಕು.

ವಿನ್ಯಾಸಕಾರರು ಮಾಡುವ ತಪ್ಪುಗಳಲ್ಲಿ ಎರಡು ಗಮನಾರ್ಹ. ‘ಬ್ಯಾಕ್‌ಡ್ರಾಪ್’ ಎಂಬ ಪೂರ್ವಪದವನ್ನು ಬಿಟ್ಟು ಬರೀ ಬ್ರೈಟ್‌ನೆಸ್-50 ಎಂದು ಹಾಕಿದರೆ ಅಕ್ಷರಗಳೇ ಮಂಕಾಗುತ್ತವೆ. ಚೌಕಕ್ಕೆ ಗಟ್ಟಿ ಬಣ್ಣ ಬಳಿದಿದ್ದರೆ ಹಿಂದಿನದು ಕಾಣುವುದೇ ಇಲ್ಲವಾಗಿ, ಈ ಕ್ಲಾಸ್ ಇದ್ದೂ ವ್ಯರ್ಥ.

ಇನ್ನೊಂದು ಮಾತನ್ನೂ ಹೇಳಬೇಕು. ಕೇವಲ ಮಂಕಾಗಿಸುವುದಷ್ಟೇ ಉದ್ದೇಶವಾದರೆ, ಚೌಕಕ್ಕೆ ಅರೆಪಾರದರ್ಶಕ ಕಪ್ಪು ಬಣ್ಣ ಕೊಟ್ಟರೂ ಸಾಕು. ಅರ್ಧ ಕಪ್ಪು ಮತ್ತು ಅರ್ಧ ಹೊಳಪು, ಗಣಿತದಲ್ಲಿ ಎರಡೂ ಒಂದೇ. ಹೊಳಪನ್ನು ಬದಲಿಸುವ ಈ ತಂತ್ರಕ್ಕೆ ಕ್ರೋಮ್ 2019ರಲ್ಲಿಯೂ ಫೈರ್‌ಫಾಕ್ಸ್ 2022ರಲ್ಲಿಯೂ ಸ್ಥಾನ ನೀಡಿದವು. ಹಳೆಯ ಬ್ರೌಸರಿನಲ್ಲಿ ಅದು ಕೆಲಸ ಮಾಡದು, ಕಪ್ಪು ಪರದೆ ಮಾಡುತ್ತದೆ. ಅಗ್ಗದ ಮೊಬೈಲುಗಳಿಗೂ ಪರದೆಯೇ ಹಗುರ. ಹಿನ್ನೆಲೆಯನ್ನು ಬೆಳಗಿಸಬೇಕಾದಲ್ಲಿ ಮಾತ್ರ ಬ್ಯಾಕ್‌ಡ್ರಾಪ್-ಬ್ರೈಟ್‌ನೆಸ್ಸಿಗೆ ನಿಜವಾದ ಬೆಲೆ: ಬಿಳಿ ಪರದೆ ಹಾಕಿದರೆ ಚಿತ್ರದ ಬಣ್ಣ ತೊಳೆದಂತಾಗುತ್ತದೆ, 125 ಎಂದು ಹಾಕಿದರೆ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ.

ಇದು ಬರಿಯ ಅಂದಚೆಂದದ ವಿಷಯವಲ್ಲ. ಜಾಲತಾಣದ ಮೂಲಕವೇ ಮಾರಾಟ ಮಾಡುವವರು ತಮ್ಮ ಕಾನೂನುಬದ್ಧ ಹೆಸರು, ವಿಳಾಸ, ಗ್ರಾಹಕ ಸೇವೆ ಮತ್ತು ಕುಂದುಕೊರತೆ ಅಧಿಕಾರಿಯ ಸಂಪರ್ಕ ವಿವರಗಳನ್ನು ಸ್ಪಷ್ಟವಾಗಿ, ಎದ್ದು ಕಾಣುವಂತೆ ಪ್ರಕಟಿಸಬೇಕೆಂದು ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ವಿಧಿಸುತ್ತವೆ. ಹೊಳಪಿನಲ್ಲಿ ಕರಗಿದ ವಿಳಾಸವನ್ನು ‘ಎದ್ದು ಕಾಣುವಂತೆ’ ಇದೆಯೆಂದು ಸಮರ್ಥಿಸುವುದು ನನ್ನಂಥವನಿಗೂ ಕಷ್ಟ.

ಪಾತ್ರೆಯ ಮಾಲೀಕರು ಅಂದೇ ವಿನ್ಯಾಸಕಾರನಿಗೆ ದೂರವಾಣಿ ಮಾಡಿದರು. ಆತ ಮೊದಲು 50 ಹಾಕಿ, “ಚೆನ್ನಾಗಿ ಕಾಣುತ್ತಿದೆಯಲ್ಲಾ” ಎಂದನಂತೆ. ಮಾಲೀಕರು ಮೊಬೈಲನ್ನು ಬಿಸಿಲಿಗೆ ಹಿಡಿದು ನೋಡಿ, 45 ಹಾಕಿಸಿದ ಮೇಲೆಯೇ ಬಾಕಿ ಬಿಲ್ಲನ್ನು ಪಾವತಿ ಮಾಡಿದರು.