ದೌಂಡದಂಥ ಸಣ್ಣ ಊರಿಗೆ ರೈತ ಸಂತೆ ಬಂದರೆ ಲಾಭ ಯಾರಿಗೆ? ಯೋಜನೆ ಹೇಗಿರಬೇಕು?

ದೌಂಡ (ಪುಣೆ): ಕಲಬುರಗಿ, ಸೊಲ್ಲಾಪುರ ಮಾರ್ಗವಾಗಿ ಪುಣೆ, ಮುಂಬೈಗೆ ರೈಲಿನಲ್ಲಿ ಹೋದವರಿಗೆ ದೌಂಡ ಜಂಕ್ಷನ್ ಪರಿಚಿತ. ಭೀಮಾ ನದಿ ದಂಡೆಯ ಈ ತಾಲೂಕು ಕೇಂದ್ರ ಪುಣೆಯಿಂದ ಸುಮಾರು 75 ಕಿ.ಮೀ. ದೂರದಲ್ಲಿದೆ. ಸುತ್ತಲೂ ಕಬ್ಬು, ಈರುಳ್ಳಿ, ತರಕಾರಿ ಬೆಳೆಯುವ ಹಳ್ಳಿಗಳು. ಊರೊಳಗೆ ರೈಲ್ವೆ ನೌಕರರು, ರಾಜ್ಯ ಮೀಸಲು ಪೊಲೀಸ್ ಪಡೆಯ ಕುಟುಂಬಗಳು, ಕೆಲಸಕ್ಕೆಂದು ಪುಣೆಗೆ ಓಡಾಡುವವರು. ಬೆಳೆಯುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಇವರಿಬ್ಬರನ್ನು ನೇರವಾಗಿ ಸೇರಿಸುವ ರೈತ ಸಂತೆ ಊರಿನ ವ್ಯಾಪಾರಕ್ಕೂ ಜೀವ ತುಂಬಬಲ್ಲದು. ಆದರೆ ಜಾಗ ಕೊಟ್ಟು ಬೋರ್ಡ್ ಹಾಕಿದ ಮಾತ್ರಕ್ಕೆ ಸಂತೆ ಉಳಿಯುವುದಿಲ್ಲ.

ರೈತನ ಕೈಗೆ ಸಿಗುವುದೆಷ್ಟು?

ಗ್ರಾಹಕ ಕೊಡುವ ಪ್ರತಿ ರೂಪಾಯಿಯಲ್ಲಿ ರೈತನಿಗೆ ಸಿಗುವುದು ಟೊಮೆಟೊಗೆ ಸುಮಾರು 33 ಪೈಸೆ, ಈರುಳ್ಳಿಗೆ 36 ಪೈಸೆ, ಆಲೂಗಡ್ಡೆಗೆ 37 ಪೈಸೆ ಎಂದು 2024ರಲ್ಲಿ ಆರ್‌ಬಿಐ ಪ್ರಕಟಿಸಿದ ಅಧ್ಯಯನ ಪತ್ರ ಅಂದಾಜಿಸಿದೆ. ಅಂದರೆ ಗ್ರಾಹಕ 30 ರೂಪಾಯಿಗೆ ಕೊಳ್ಳುವ ಒಂದು ಕಿಲೋ ಟೊಮೆಟೊದಲ್ಲಿ ಬೆಳೆದವನ ಪಾಲು ಸುಮಾರು 10 ರೂಪಾಯಿ. ಅದೇ ಟೊಮೆಟೊ ನೇರ ಸಂತೆಯಲ್ಲಿ 22 ರೂಪಾಯಿಗೆ ಮಾರಾಟವಾದರೆ ಸಾಗಣೆ ಖರ್ಚು ಕಳೆದೂ ರೈತನಿಗೆ ಹೆಚ್ಚು ಉಳಿಯುತ್ತದೆ, ಗ್ರಾಹಕನಿಗೆ 8 ರೂಪಾಯಿ ಮಿಗುತ್ತದೆ. ಮಾರಿದ ರೈತ ಊರಿಗೆ ಮರಳುವ ಮುನ್ನ ಕಿರಾಣಿ, ಬೀಜ, ಗೊಬ್ಬರ, ಬಟ್ಟೆಯನ್ನು ಅಲ್ಲೇ ಕೊಂಡರೆ ಹಣ ಊರಲ್ಲೇ ಸುತ್ತುತ್ತದೆ.

ಕಾನೂನಿನ ಅಡ್ಡಿ ಇದೆಯೇ?

ಇಲ್ಲ. ಎಪಿಎಂಸಿ ಪ್ರಾಂಗಣದ ಹೊರಗೆ ಹಣ್ಣು, ತರಕಾರಿ ಮಾರಾಟಕ್ಕಿದ್ದ ನಿಯಂತ್ರಣವನ್ನು ಮಹಾರಾಷ್ಟ್ರ ಸರ್ಕಾರ 2016ರಲ್ಲಿ ತೆಗೆದುಹಾಕಿತು. ಅದೇ ವರ್ಷ ಸಂತ ಸಾವತಾ ಮಾಳಿ ಹೆಸರಿನಲ್ಲಿ ರೈತರ ವಾರದ ಸಂತೆ ಅಭಿಯಾನವೂ ಆರಂಭವಾಯಿತು. ಪುಣೆಯಲ್ಲೇ ಕೇಂದ್ರ ಕಚೇರಿ ಹೊಂದಿರುವ ರಾಜ್ಯ ಕೃಷಿ ಮಾರಾಟ ಮಂಡಳಿ ಇಂಥ ಸಂತೆಗಳಿಗೆ ಬೆಂಬಲ ನೀಡುತ್ತದೆ.

ಬೇರೆ ರಾಜ್ಯಗಳ ಪಾಠವೇನು?

ಪಂಜಾಬಿನ 'ಅಪ್ನಿ ಮಂಡಿ' 1987ರಲ್ಲಿ ಶುರುವಾಯಿತು. ಆಂಧ್ರಪ್ರದೇಶದ 'ರೈತು ಬಜಾರ್' ಮತ್ತು ತಮಿಳುನಾಡಿನ 'ಉಳವರ್ ಸಂದೈ' 1999ರಲ್ಲಿ ಆರಂಭವಾದವು. ತಮಿಳುನಾಡಿನಲ್ಲಿ ಜಮೀನು ಪರಿಶೀಲಿಸಿದ ಮೇಲೆಯೇ ರೈತನಿಗೆ ಗುರುತಿನ ಚೀಟಿ ಸಿಗುತ್ತದೆ. ಮಳಿಗೆಗೆ ಬಾಡಿಗೆ ಇಲ್ಲ, ತಕ್ಕಡಿ ಉಚಿತ. ದಿನದ ದರವನ್ನು ಸಗಟು ಬೆಲೆಗಿಂತ ಹೆಚ್ಚು, ಚಿಲ್ಲರೆ ಬೆಲೆಗಿಂತ ಕಡಿಮೆ ಇರುವಂತೆ ನಿಗದಿಪಡಿಸಿ ಫಲಕದಲ್ಲಿ ಬರೆಯುತ್ತಾರೆ.

ದೌಂಡದಲ್ಲಿ ಹೇಗೆ ಮಾಡಬಹುದು?

* ಜಾಗ: ರೈಲು ನಿಲ್ದಾಣ ಅಥವಾ ಬಸ್ ನಿಲ್ದಾಣದಿಂದ ನಡೆದು ತಲುಪುವಷ್ಟು ಹತ್ತಿರ. ನೆರಳು, ಕುಡಿಯುವ ನೀರು, ಶೌಚಾಲಯ ಕಡ್ಡಾಯ. ಮಾರಲು ಬರುವ ಮಹಿಳೆಯರಿಗೆ ಇದೇ ಮೊದಲ ಅಗತ್ಯ.
* ಸಮಯ: ಪುಣೆಯಿಂದ ಮರಳುವವರು ಸಂಜೆ ಸಿಗುತ್ತಾರೆ. ವಾರದಲ್ಲಿ ಎರಡು ಸಂಜೆ ಸಾಕು. ಈಗಿರುವ ಸಂತೆಯ ದಿನಕ್ಕೆ ಅಡ್ಡ ಬರಬಾರದು.
* ಸರಕು: ಹತ್ತು ರೈತರೂ ಮೆಂತ್ಯೆ ಸೊಪ್ಪನ್ನೇ ತಂದರೆ ದರ ಬೀಳುತ್ತದೆ. ಯಾರು ಏನು ತರಬೇಕೆಂದು ರೈತ ಗುಂಪುಗಳು ಮೊದಲೇ ಮಾತಾಡಿಕೊಳ್ಳಬೇಕು. ದೌಂಡ ತಾಲೂಕಿನ ಬೆಲ್ಲಕ್ಕೂ ಜಾಗ ಕೊಡಬಹುದು, ಆದರೆ ಅದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.
* ಉಳಿದ ಮಾಲು: ಸಂಜೆ ಉಳಿದದ್ದನ್ನು ಹೋಟೆಲ್, ಹಾಸ್ಟೆಲ್‌ಗಳಿಗೆ ಕೊಡುವ ಒಪ್ಪಂದ ಮೊದಲೇ ಆಗಿರಬೇಕು. ಇಲ್ಲದಿದ್ದರೆ ರೈತ ಮೂರನೇ ವಾರ ಬರುವುದಿಲ್ಲ.

ಎಲ್ಲಿ ಎಚ್ಚರ ಬೇಕು?

ರೈತರ ಹೆಸರಿನಲ್ಲಿ ವ್ಯಾಪಾರಿಗಳು ನುಸುಳುವುದು ಇಂಥ ಸಂತೆಗಳ ದೊಡ್ಡ ರೋಗ. ಒಂದೇ ಕೈಯಲ್ಲಿ ಸೇಬು, ಟೊಮೆಟೊ, ಶುಂಠಿ ಎಲ್ಲವೂ ಇದ್ದರೆ ಅವನು ಬೆಳೆದವನಲ್ಲ ಎಂದು ಗ್ರಾಹಕನಿಗೂ ತಿಳಿಯುತ್ತದೆ, ನಂಬಿಕೆ ಹೋಗುತ್ತದೆ. ಇನ್ನೊಂದೆಡೆ, ತಳ್ಳುಗಾಡಿಯಲ್ಲಿ ಮಾರಿ ಬದುಕುವವರ ಹೊಟ್ಟೆಯ ಮೇಲೆ ಹೊಡೆಯಬಾರದು. ಅವರೂ ರೈತರಿಂದ ಸಗಟಾಗಿ ಕೊಳ್ಳಲು ಸಂತೆಯ ಮೊದಲ ಒಂದು ಗಂಟೆಯನ್ನು ಬಿಟ್ಟುಕೊಡಬಹುದು.

ಎಲ್ಲ ಬೆಳೆಗೂ ಇದು ಪರಿಹಾರವಲ್ಲ. ಲೋಡುಗಟ್ಟಲೆ ಈರುಳ್ಳಿ ಬೆಳೆದವನಿಗೆ ಎಪಿಎಂಸಿ, ಕಬ್ಬು ಬೆಳೆದವನಿಗೆ ಕಾರ್ಖಾನೆ ಬೇಕೇ ಬೇಕು. ಆದರೆ ಕಬ್ಬಿನ ಹಣಕ್ಕೆ ವರ್ಷವಿಡೀ ಕಾಯುವ ಕುಟುಂಬಕ್ಕೆ ಅರ್ಧ ಎಕರೆ ತರಕಾರಿಯಿಂದ ವಾರವಾರ ಕೈಗೆ ಬರುವ ನಗದು ಸಣ್ಣದೇನಲ್ಲ. ಸಂತೆ ಗೆದ್ದಿತೇ ಎಂಬುದನ್ನು ಉದ್ಘಾಟನೆಯ ದಿನದ ಜನಜಂಗುಳಿ ನೋಡಿ ಹೇಳಲಾಗದು. ಬೇಸಿಗೆ, ಮಳೆಗಾಲ ದಾಟಿದ ಮೇಲೂ ಅದೇ ರೈತರು ಬರುತ್ತಿದ್ದರೆ ಮಾತ್ರ ಸಂತೆ ನಿಂತಿದೆ ಎನ್ನಬಹುದು.